ಹದ ತಪ್ಪಿದ ಬೇಸಿಗೆ ಮತ್ತು ನಮ್ಮ ಹಿತ್ತಲಿನ ಜೀವಿಗಳು

ನಾರಾಯಣಪೇಟೆ, ಮಖ್ತಲ್, ಗದ್ವಾಲದ ಕಡೆ ಒಂದೇ ಓಣಿಯಲ್ಲಿ ಎರಡು ಭಾಷೆಯ ಗಾದೆಗಳು ಕೇಳಿಬರುತ್ತವೆ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂದು ಕನ್ನಡದ ಅಜ್ಜಿ ಹೇಳಿದರೆ, ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂದು ಪಕ್ಕದ ಮನೆಯ ತೆಲುಗಿನ ಅಜ್ಜಿ ಹೇಳುತ್ತಾಳೆ. ಇಬ್ಬರೂ ಹೇಳುತ್ತಿರುವುದು ಅದೇ ಎರಡು ವಾರಗಳ ಮಾತನ್ನೇ. ಮೇ 25ರ ಸುಮಾರಿಗೆ ಮೊದಲಾಗಿ ಜೂನ್ 7ರ ವರೆಗೆ ನಡೆಯುವ ರೋಹಿಣಿ ನಕ್ಷತ್ರದಲ್ಲಿ ಒಬ್ಬಾಕೆ ಮಳೆಯನ್ನು ನಿರೀಕ್ಷಿಸುತ್ತಾಳೆ, ಇನ್ನೊಬ್ಬಾಕೆ ಬಿಸಿಲಿಗೆ ಅಂಜುತ್ತಾಳೆ. ನಮ್ಮ ನೆಲದಲ್ಲಿ ಎರಡೂ ನಿಜ. ಆದರೆ ಎರಡರಲ್ಲಿ ಯಾವುದು ಯಾವ ವರ್ಷ ಬರುತ್ತದೆ ಎಂಬುದು ಈಗ ಹಿರಿಯರಿಗೂ ತಿಳಿಯದಂತಾಗಿದೆ.

2025ರ ಬೇಸಿಗೆಯನ್ನೇ ನೋಡಿ. ಆ ವರ್ಷದ ಫೆಬ್ರವರಿ, 1901ರಿಂದ ಈಚೆಗೆ ದೇಶ ಕಂಡ ಅತಿ ಬಿಸಿಯ ಫೆಬ್ರವರಿಯಾಗಿತ್ತು. ಅದೇ ವರ್ಷದ ಮೇ, 1901ರಿಂದ ಈಚೆಗೆ ಅತಿ ಹೆಚ್ಚು ಮಳೆ ಬಿದ್ದ ಮೇ ಎನಿಸಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಬಂದಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮೇ ಮುಗಿಯುವುದರೊಳಗೆ ಅದು ತೆಲಂಗಾಣಕ್ಕೂ ಕಾಲಿಟ್ಟಿತು. ಒರಳು ಬಿರಿಯಬೇಕಾದ ದಿನಗಳಲ್ಲಿ ಓಣಿಯಲ್ಲಿ ಕೆಸರಾಯಿತು. ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಮುಂಗಾರು ಎರಡು ವಾರಕ್ಕೂ ಹೆಚ್ಚು ಕಾಲ ಮುಂದೆ ಸಾಗದೆ ನಿಂತಿತು. ಜೂನ್ ಮಧ್ಯದ ವರೆಗೆ ಮತ್ತೆ ಬಿಸಿಲು, ಮತ್ತೆ ಒಣಗಾಳಿ.

ಬೀಜ ಬಿತ್ತಿದ ರೈತನ ಪಾಡು ಪತ್ರಿಕೆಗಳಲ್ಲಿ ಬರುತ್ತದೆ. ಆ ಮಳೆಯನ್ನು ನಂಬಿ ನೆಲದಿಂದ ಮೇಲೆದ್ದ ಕಪ್ಪೆಯ ಪಾಡು, ಮೊಟ್ಟೆ ಇಟ್ಟ ಓತಿಕ್ಯಾತನ ಪಾಡು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಈ ಸಲದ ಅಂಕಣದಲ್ಲಿ ಅವುಗಳ ಬಗ್ಗೆ ಬರೆಯೋಣವೆಂದುಕೊಂಡೆವು. ಹಿತ್ತಲಿನ ಜೀವಿಗಳೆಂದರೆ ನೋಡಿ ಸಂತೋಷಪಡುವ ವಸ್ತುಗಳಷ್ಟೇ ಅಲ್ಲ. ನಮ್ಮ ಹೀರೇಕಾಯಿ, ಸೀತಾಫಲ, ನುಗ್ಗೆಯ ಹಿಂದೆ ಅವುಗಳ ದುಡಿಮೆಯಿದೆ. ಅವುಗಳಲ್ಲಿ ಕೆಲವು ಬೇಸಿಗೆಯ ರಾತ್ರಿ ನಮ್ಮ ಹಾಸಿಗೆಯ ಪಕ್ಕಕ್ಕೂ ಬರುತ್ತವೆ.

ನಮ್ಮ ಸೀಮೆಗೆ ಬಿಸಿಲು ಹೊಸದಲ್ಲ. 1956ರ ವರೆಗೆ ಗದ್ವಾಲ, ಆಲಂಪುರಗಳು ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯಗಳ ಗಡಿ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಾಗಲಿ, ಕೃಷ್ಣೆಯ ಈಚೆಯ ಮಖ್ತಲ್ ಬಯಲಿನಲ್ಲಾಗಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಇಲ್ಲಿಯ ಹಕ್ಕಿ, ಹುಳ, ಹಾವು ಅದಕ್ಕೆ ಒಗ್ಗಿಕೊಂಡೇ ಬದುಕಿವೆ. ಬೆಳಗಿನ ಎರಡು ಮೂರು ತಾಸು, ಸಂಜೆಯ ಎರಡು ತಾಸು ದುಡಿದು ನಡುಹಗಲು ನೆರಳಿನಲ್ಲಿ ಕೂರುವುದು ಅವುಗಳ ಕ್ರಮ. ನಮ್ಮ ಹಿರಿಯರದೂ ಅದೇ ಕ್ರಮವಾಗಿತ್ತು. ತೊಂದರೆ ಬರುವುದು ಬಿಸಿಲು ಬೇಗ ಬಂದಾಗ, ರಾತ್ರಿಯೂ ತಂಪಾಗದಿದ್ದಾಗ, ಹತ್ತು ಹನ್ನೆರಡು ದಿನ ಎಡೆಬಿಡದೆ ಕಾಡಿದಾಗ. ಬಯಲು ಸೀಮೆಯಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ, ಅಥವಾ ನೇರವಾಗಿ 45 ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. 2015ರ ಮೇ ತಿಂಗಳ ಬಿಸಿಗಾಳಿಯಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಆಂಧ್ರ, ತೆಲಂಗಾಣದವರು. ಆ ದಿನಗಳಲ್ಲಿ ಮರದಡಿ ಬಿದ್ದ ಹಕ್ಕಿಗಳನ್ನು ಯಾರೂ ಎಣಿಸಲಿಲ್ಲ.

ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ಅದರ ಮೈಬಿಸಿ ಸಹಜವಾಗಿಯೇ 40ರಿಂದ 42 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಉಳಿಯುವ ದಾರಿ ಒಂದೇ: ಕೊಕ್ಕು ತೆರೆದು, ಗಂಟಲನ್ನು ಪಟಪಟನೆ ಅದುರಿಸುತ್ತ ಬಾಯಿಯ ತೇವವನ್ನು ಆರಿಸುವುದು. ಕಾಗೆ, ಗೊರವಂಕ ಬೇವಿನ ನೆರಳಿನಲ್ಲಿ ಹೀಗೆ ಬಾಯಿ ತೆರೆದು ಕೂತಿರುವುದನ್ನು ವಾಚಕರು ನೋಡಿಯೇ ಇರುತ್ತೀರಿ. ಈ ಉಪಾಯಕ್ಕೆ ನೀರು ಬೇಕು. ನೀರು ಕುಡಿಯಲು ಹಾರಬೇಕು, ಹಾರಿದರೆ ಮೈಬಿಸಿ ಏರುತ್ತದೆ. ಹೀಗಾಗಿ ನೀರು ಅರ್ಧ ಹರದಾರಿ ದೂರವಿದ್ದರೆ ಹಕ್ಕಿಗೆ ಅದು ಇದ್ದೂ ಇಲ್ಲದಂತೆಯೇ ಸರಿ.

ಗುಬ್ಬಿಯ ಕಥೆ ಬೇರೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಯ ಸಂದಿಯಲ್ಲಿ ಅದು ಗೂಡು ಕಟ್ಟುತ್ತಿತ್ತು. ಮೇಲೆ ಒಂದು ಮೊಳ ಮಣ್ಣು, ಒಳಗೆ ತಂಪು. ಈಗ ಜಂತಿಯಿಲ್ಲ, ಗುಬ್ಬಿ ತಗಡಿನ ಕೆಳಗೆ, ವಿದ್ಯುತ್ ಮೀಟರಿನ ಪೆಟ್ಟಿಗೆಯಲ್ಲಿ ಕಟ್ಟುತ್ತದೆ. ಮಧ್ಯಾಹ್ನದ ತಗಡನ್ನು ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. 40 ಡಿಗ್ರಿ ಮೀರಿದ ಬಿಸಿಯಲ್ಲಿ ಮೊಟ್ಟೆಯೊಳಗಿನ ಜೀವ ಬಹಳ ಹೊತ್ತು ಉಳಿಯದು. ಬಯಲಿನಲ್ಲಿ ಬರಿನೆಲದ ಮೇಲೆ ಮೊಟ್ಟೆ ಇಡುವ ಟಿಟ್ಟಿಭ ಇದಕ್ಕೊಂದು ಜಾಣತನ ಕಲಿತಿದೆ: ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಆದರೆ ಮೇ ತಿಂಗಳಲ್ಲೇ ಜಡಿಮಳೆ ಬಂದರೆ ಅದೇ ಮೊಟ್ಟೆ ನೀರಿನಲ್ಲಿ ಮುಳುಗುತ್ತದೆ. ಬಿಸಿಲಿಗೆ ಉಪಾಯ ಉಂಟು, ಅಕಾಲದ ಮಳೆಗೆ ಅದರ ಬಳಿ ಉಪಾಯವಿಲ್ಲ.

ಹುಣಸೆ, ಆಲದ ಮರಗಳಲ್ಲಿ ಜೋತುಬೀಳುವ ದೊಡ್ಡ ಬಾವಲಿಗಳ ಬಗ್ಗೆಯೂ ಒಂದು ಮಾತು. 2020ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖಪುರದ ಬಳಿ ನೂರಾರು ಬಾವಲಿಗಳು ಒಮ್ಮೆಲೇ ಸತ್ತುಬಿದ್ದವು. ಕೊರೋನಾ ಕಾಲವಾದ್ದರಿಂದ ಜನ ಬೆದರಿದರು. ಕಾರಣ ರೋಗವಲ್ಲ, ಬಿಸಿಲು ಎಂದು ಆಮೇಲೆ ತಿಳಿಯಿತು. ಬಾವಲಿ ಬಿದ್ದಿತೆಂದು ಮರ ಕಡಿಸುವುದು, ಪಟಾಕಿ ಹೊಡೆಯುವುದು ಬೇಡ. ಅವು ರಾತ್ರಿ ಹಾರಿ ಹೂವಿನ ಪರಾಗ, ಹಣ್ಣಿನ ಬೀಜ ಸಾಗಿಸುವ ಜೀವಿಗಳು. ಆದರೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಎತ್ತಬಾರದು, ಮಕ್ಕಳಿಗೆ ಮುಟ್ಟಲು ಬಿಡಬಾರದು. ಬಾವಲಿ, ಅಳಿಲು ಕಚ್ಚಿದ ಮಾವಿನಹಣ್ಣನ್ನು ‘ಇದೇ ಸಿಹಿ’ ಎಂದು ತಿನ್ನುವ ರೂಢಿಯನ್ನೂ ಬಿಡುವುದು ಒಳ್ಳೆಯದು. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡ ಮೇಲಾದರೂ ಈ ಎಚ್ಚರ ಇರಬೇಕು.

ಹಕ್ಕಿಗಳ ವಿಷಯ ಬಿಡುವ ಮುನ್ನ ಆರೋಗ್ಯದ ಒಂದು ಸೂಚನೆ. ಹೊಲದಲ್ಲಿ ದುಡಿಯುವವರಿಗೆ ಉಷ್ಣಮಾಪಕ ಬೇಕಿಲ್ಲ, ಕಾಗೆ ಸಾಕು. ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಗೇ ಹಕ್ಕಿಗಳೆಲ್ಲ ಬಾಯಿ ತೆರೆದು ನೆರಳಿಗೆ ಸರಿದಿದ್ದರೆ ನೀವೂ ಗುದ್ದಲಿ ಕೆಳಗಿಟ್ಟು ಸರಿಯಿರಿ. ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಬೆರೆಸಿದ ನಿಂಬೆ ಪಾನಕ ಬಾಯಾರಿಕೆಗೆ ಮೊದಲೇ ಕುಡಿಯಬೇಕು. ಮೈ ಕಾದು, ಮಾತು ತೊದಲಿ, ದಿಕ್ಕು ತಪ್ಪಿದಂತೆ ಆಡುವವರನ್ನು ‘ಸುಸ್ತಾಗಿದೆ, ಮಲಗಲಿ’ ಎಂದು ಬಿಡಬಾರದು. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಈಗ ಜೇನಿನ ವಿಷಯ. ಜೇನುಹುಳುಗಳು ತಮ್ಮ ಮರಿಗಳಿರುವ ಭಾಗವನ್ನು 34-35 ಡಿಗ್ರಿಯ ಸುಮಾರಿಗೆ ಕಾಪಾಡಿಕೊಳ್ಳುತ್ತವೆ. ಹೊರಗೆ ಬಿಸಿ ಏರಿದಂತೆ ದುಡಿಯುವ ಹುಳುಗಳು ಹೂವು ಬಿಟ್ಟು ನೀರು ಹೊರಲು ಹೋಗುತ್ತವೆ. ನೀರಿನ ಹನಿಯನ್ನು ಗೂಡಿನಲ್ಲಿ ಹರಡಿ ರೆಕ್ಕೆಯಿಂದ ಗಾಳಿ ಬೀಸುತ್ತವೆ. ಬೇಸಿಗೆಯಲ್ಲಿ ನಲ್ಲಿಯ ಬಾಯಿಗೆ, ಒಗೆಯುವ ಕಲ್ಲಿಗೆ ಜೇನು ಮುತ್ತುವುದು ಇದಕ್ಕೇ. ಅವುಗಳಿಗೆ ಕಚ್ಚುವ ಉದ್ದೇಶವಿರುವುದಿಲ್ಲ, ನೀರು ಬೇಕಷ್ಟೆ. ಆದರೆ ನೀರು ಹೊರುವ ಹುಳ ಪರಾಗ ಹೊರುವುದಿಲ್ಲ. ಹೀಗಾಗಿ ಬಿಸಿಗಾಳಿಯ ವಾರಗಳಲ್ಲಿ ನಮ್ಮ ಹಿತ್ತಲಿನ ಕುಂಬಳ, ಸೌತೆಯ ಹೂವಿಗೆ ಬರುವ ಹುಳು ಕಡಿಮೆ. ಅದೇ ಹೊತ್ತಿಗೆ ಬಳ್ಳಿಯ ಗುಣವೂ ಬದಲಾಗುತ್ತದೆ: ಬಿಸಿ ಹೆಚ್ಚಾದರೆ ಗಂಡುಹೂವು ಹೆಚ್ಚು, ಹೆಣ್ಣುಹೂವು ಕಡಿಮೆ. ‘ಬಳ್ಳಿ ತುಂಬ ಹೂವಿದೆ, ಒಂದೂ ಕಾಯಿಲ್ಲ, ಯಾರದೋ ದೃಷ್ಟಿ ತಾಗಿದೆ’ ಎಂದು ಬೇಸರಪಡುವ ತಾಯಂದಿರು ಹೂವಿನ ಬುಡ ನೋಡಬೇಕು. ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿದ್ದರೆ ಹೆಣ್ಣು, ಬರಿ ತೊಟ್ಟಿದ್ದರೆ ಗಂಡು. ಕುಂಬಳದ ಹೂವು ಬೆಳಗಿನ ಜಾವ ಅರಳುತ್ತದೆ, ಸೋರೆ ಹೀರೆಗಳದು ಸಂಜೆ. ಅರಳಿದ ಹೊತ್ತಿಗೆ ಗಂಡುಹೂವನ್ನು ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಒರೆಸಿದರೆ ಕಾಯಿ ನಿಲ್ಲುತ್ತದೆ.

ಗದ್ವಾಲದ ಸುತ್ತಿನ ಹೆಣ್ಣುಮಕ್ಕಳಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಅಲ್ಲಿಯ ಹೊಲಗಳಲ್ಲಿ ಹೈಬ್ರಿಡ್ ಹತ್ತಿಯ ಬೀಜ ತಯಾರಾಗುತ್ತದೆ. ಸಂಜೆ ಒಂದೊಂದು ಮೊಗ್ಗನ್ನೂ ಬಿಡಿಸಿ ಗಂಡುಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸುವುದು. ಹೀಗೆ ತಿಂಗಳುಗಟ್ಟಲೆ ಬಗ್ಗಿ ನಿಂತು ಮಾಡುವ ದುಡಿಮೆ. ಜೇನು ನಮಗೆ ಕೂಲಿಯಿಲ್ಲದೆ ಮಾಡುವ ಕೆಲಸದ ಬೆಲೆ ಎಷ್ಟೆಂದು ಅವರ ಸೊಂಟವನ್ನು ಕೇಳಬೇಕು.

ಸೀತಾಫಲಕ್ಕೆ ಜೇನೂ ನೆರವಾಗುವುದಿಲ್ಲ. ‘ಬಾಲಾನಗರ’ ಎಂಬ ಹೆಸರುವಾಸಿ ತಳಿ ನಮ್ಮ ಮಹಬೂಬನಗರ ಜಿಲ್ಲೆಯ ಬಾಲಾನಗರದ್ದೇ. ಅದರ ಹೂವು ಏಪ್ರಿಲ್‌ನಿಂದ ಮಳೆಗಾಲದ ವರೆಗೆ ಬಿಡುತ್ತದೆ. ಒಂದೇ ಹೂವು ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ವರ್ತಿಸುವುದರಿಂದ ತನ್ನ ಪರಾಗ ತನಗೆ ಒದಗುವುದಿಲ್ಲ. ಎಳ್ಳಿನ ಗಾತ್ರದ ಕಂದು ದುಂಬಿಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯಬೇಕು. ಒಣ ಬಿಸಿಗಾಳಿ ಬೀಸಿದಾಗ ಪರಾಗ ಹಿಡಿಯುವ ಹೂವಿನ ತುದಿ ಬೇಗ ಒಣಗುತ್ತದೆ; ದುಂಬಿಗಳೂ ತೇವವಿರುವ ಕಡೆ ಅಡಗುತ್ತವೆ. ನೂರು ಹೂವಿನಲ್ಲಿ ಕಾಯಿ ಕಟ್ಟುವುದು ಬೆರಳೆಣಿಕೆಯಷ್ಟು. ಈ ದುಂಬಿಗಳು ಹುಟ್ಟಿ ಬೆಳೆಯುವುದು ಕೊಳೆತ ಹಣ್ಣು ಮತ್ತು ತರಗೆಲೆಗಳ ನಡುವೆ. ನಾವು ಮಾಡುವುದೇನು? ಅಂಗಳ ಚೊಕ್ಕಟವಾಗಿರಲೆಂದು ಗಿಡದ ಬುಡದ ಎಲೆಗಳನ್ನೆಲ್ಲ ಗುಡಿಸಿ ಬೆಂಕಿ ಹಚ್ಚುತ್ತೇವೆ. ಗುಡಿಸುವುದು ಅಂಗಳಕ್ಕಿರಲಿ, ಗಿಡದ ಬುಡಕ್ಕೆ ಬೇಡ. ಎಲೆಯ ಹೊದಿಕೆಯಿದ್ದರೆ ಮಣ್ಣಿನ ತೇವ ಉಳಿಯುತ್ತದೆ, ಎರೆಹುಳು ಆಳಕ್ಕೆ ಇಳಿಯದೆ ಮೇಲ್ಪದರದಲ್ಲಿ ಇನ್ನಷ್ಟು ದಿನ ಇರುತ್ತದೆ, ದುಂಬಿಯೂ ಉಳಿಯುತ್ತದೆ.

ಔಷಧ ಹೊಡೆಯುವವರಿಗೂ ಇಲ್ಲೇ ಹೇಳಿಬಿಡುತ್ತೇವೆ. ಒಣ ಬಿಸಿಲಿನಲ್ಲಿ ಬದನೆ, ಮೆಣಸಿನ ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಬೇಗ ಬೇಗ ಹೆಚ್ಚುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳುವಿನ ಸಂತತಿ ಅಷ್ಟು ಬೇಗ ಹೆಚ್ಚುವುದಿಲ್ಲ. ಆ ಹೊತ್ತಿಗೆ ಕಂಡ ಔಷಧವನ್ನೆಲ್ಲ ಸಿಂಪಡಿಸಿದರೆ ಗುಲಗಂಜಿ ಸತ್ತು ನುಸಿ ಮತ್ತೆ ಚಿಗುರುತ್ತದೆ. ಹಿತ್ತಲಿನ ನಾಲ್ಕು ಗಿಡಕ್ಕೆ ಎಲೆಯ ಅಡಿಗೆ ಬೀಳುವಂತೆ ಜೋರಾಗಿ ನೀರು ಚಿಮುಕಿಸಿದರೆ ಬಹಳಷ್ಟು ನುಸಿ ತೊಳೆದುಹೋಗುತ್ತದೆ. ಬೇಕೇಬೇಕಾದರೆ ಬೇವಿನ ಬೀಜದ ಕಷಾಯ, ಅದೂ ಹೊತ್ತು ಮುಳುಗಿದ ಮೇಲೆ, ಜೇನು ಗೂಡಿಗೆ ಮರಳಿದ ಬಳಿಕ.

ಇನ್ನು 2025ರಂಥ ಹುಸಿ ಮುಂಗಾರಿನ ಮಾತು. ಬಿಸಿಲಿನ ಪೆಟ್ಟು ಕಣ್ಣಿಗೆ ಕಾಣುತ್ತದೆ, ಸತ್ತ ಹಕ್ಕಿ ನೆಲದ ಮೇಲೆ ಬಿದ್ದಿರುತ್ತದೆ. ಅಕಾಲದ ಮಳೆಯ ಪೆಟ್ಟು ಕಾಣುವುದಿಲ್ಲ, ಮೇಲಾಗಿ ಅದು ಹಬ್ಬದಂತೆ ಕಾಣುತ್ತದೆ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯದ್ದು.

ನಮ್ಮ ಕಡೆಯ ಗಿಡ್ಡ ಗುಂಡು ಕಪ್ಪೆಗಳು ಬೇಸಿಗೆಯನ್ನು ಮಣ್ಣಿನೊಳಗೆ ಹುದುಗಿ ಕಳೆಯುತ್ತವೆ. ಮೊದಲ ದೊಡ್ಡ ಮಳೆಯಾದ ರಾತ್ರಿಯೇ ಮೇಲೆದ್ದು, ಕೂಗಿ ಜೊತೆ ಕರೆದು, ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆದು ಗೊದಮೊಟ್ಟೆಯಾಗುತ್ತದೆ. ಆದರೆ ಗೊದಮೊಟ್ಟೆಗೆ ಕಾಲು ಮೂಡಿ ಮರಿಕಪ್ಪೆಯಾಗಿ ದಡಕ್ಕೆ ಹತ್ತಲು ಕೆಲವು ವಾರಗಳು ಬೇಕು. ಎಷ್ಟೋ ಜಾತಿಗೆ ಒಂದು ತಿಂಗಳೇ ಬೇಕು. ಮೇ ಕೊನೆಯಲ್ಲಿ ನಿಂತ ನೀರು ಜೂನ್ ಮೊದಲ ವಾರದ ಬಿಸಿಲಿಗೆ ಆರಿದರೆ ಇಡೀ ವರ್ಷದ ಸಂತಾನ ಕೆಸರಿನಲ್ಲಿ ಒಣಗುತ್ತದೆ. ಕಪ್ಪೆ ಹೋದರೆ ಹೋಗಲಿ ಎನ್ನುವವರುಂಟು. ಅವರು ಮಳೆಗಾಲದಲ್ಲಿ ಹಿತ್ತಲಿನ ಸೊಪ್ಪಿಗೆ ಬೀಳುವ ಹುಳದ ಲೆಕ್ಕವನ್ನು ಆಮೇಲೆ ಹೇಳಲಿ.

ಓತಿಕ್ಯಾತನದೂ ಇದೇ ಗತಿ. ಮುಂಗಾರಿನ ಸುಳಿವು ಸಿಕ್ಕೊಡನೆ ಗಂಡಿನ ಕುತ್ತಿಗೆ ಕೆಂಪಾಗುತ್ತದೆ. ಹೆಣ್ಣು ಹಸಿಮಣ್ಣು ಬಗೆದು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಅದರ ಮೊಟ್ಟೆಗೆ ಕೋಳಿಮೊಟ್ಟೆಯಂಥ ಗಟ್ಟಿ ಚಿಪ್ಪಿಲ್ಲ. ಮಣ್ಣು ಒಣಗಿದರೆ ಅದೂ ಸೊರಗುತ್ತದೆ. ಇದರಲ್ಲಿ ಇನ್ನೊಂದು ಸೋಜಿಗವಿದೆ. ಓತಿಕ್ಯಾತನ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆಗೆ ತಗಲಿದ ಬಿಸಿಯ ಮೇಲೆ ನಿಂತಿದೆ ಎಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ, ಮಕ್ಕಳು ಕಲ್ಲು ಹೊಡೆಯುವ ಆ ಪ್ರಾಣಿಯ ಮನೆತನದ ಲೆಕ್ಕವನ್ನೂ ಹವಾಮಾನವೇ ಬರೆಯುತ್ತದೆ ಎಂದಾಯಿತು.

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆ ಬಂದ ಗೆದ್ದಲನ್ನು ತೆಲುಗಿನಲ್ಲಿ ಉಸಿಳ್ಳು ಎನ್ನುತ್ತಾರೆ. ಕೋಳಿ, ಹಲ್ಲಿ, ಕಪ್ಪೆ, ಗೊರವಂಕ ಎಲ್ಲಕ್ಕೂ ಅಂದು ಭೂರಿ ಭೋಜನ. ಗೆದ್ದಲು ಕೆಟ್ಟದ್ದೆಂಬ ಮಾತು ಅರ್ಧ ನಿಜ. ಮಹಬೂಬನಗರದ ಪಿಲ್ಲಲಮರ್ರಿ ಆಲದ ಮರಕ್ಕೆ ಗೆದ್ದಲು ಹತ್ತಿ, 2018ರಲ್ಲಿ ಆಸ್ಪತ್ರೆಯ ರೋಗಿಗೆ ಕೊಟ್ಟಂತೆ ಅದರ ಕೊಂಬೆಗಳಿಗೆ ಸಲೈನ್ ಬಾಟಲಿಯಿಂದ ಔಷಧ ಹನಿಸಬೇಕಾಯಿತು. ಆದರೂ ಒಣ ಕಸಕಡ್ಡಿಯನ್ನು ಮಣ್ಣು ಮಾಡುವ ಕೆಲಸವನ್ನು ಈ ಒಣಭೂಮಿಯಲ್ಲಿ ಗೆದ್ದಲಿನಷ್ಟು ಮಾಡುವವರು ಬೇರೆ ಇಲ್ಲ. ಕಿಟಕಿಯ ದೀಪ ಅರ್ಧ ತಾಸು ಆರಿಸಿದರೆ ಮನೆಯೊಳಗಿನ ಕಾಟ ತಪ್ಪುತ್ತದೆ.

ಆಲಿಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಮಾರ್ಚ್ ಮಧ್ಯದಲ್ಲಿ ವಿಕಾರಾಬಾದ್, ಜಹೀರಾಬಾದ್, ಬೀದರ್ ಕಡೆ ಬಿದ್ದ ಆಲಿಕಲ್ಲಿನಲ್ಲಿ ಮಾವಿನ ಪೀಚು ಉದುರಿದ್ದು ಎಲ್ಲರಿಗೂ ನೆನಪಿದೆ. ಉದುರಿದ ಕಾಯಿಗಳನ್ನು ಮರದಡಿ ಕೊಳೆಯಲು ಬಿಡದೆ ಮಣ್ಣಿನಲ್ಲಿ ಹೂಳಬೇಕು. ಇಲ್ಲವಾದರೆ ಹಣ್ಣುನೊಣ ಅಲ್ಲೇ ಬೆಳೆದು ಉಳಿದ ಹಣ್ಣಿಗೆ ಬರುತ್ತದೆ. ಮೇಲೆ ಸೀತಾಫಲದ ಬುಡದ ಎಲೆ ಬಿಡಿ ಎಂದು ಬರೆದೆವು, ಇಲ್ಲಿ ಮಾವಿನಕಾಯಿ ಹೂಳಿ ಎನ್ನುತ್ತಿದ್ದೇವೆ. ಗೊಂದಲ ಬೇಡ: ಎಲೆ ಇರಲಿ, ಕೊಳೆತ ಮಾವು ಬೇಡ. ಮಖ್ತಲ್, ಕೃಷ್ಣಾ ಮಂಡಲಗಳ ಚಿಗರಿ ಹಿಂಡುಗಳ ಹಾವಳಿಯ ಬಗ್ಗೆಯೂ ಬರೆಯಬೇಕೆಂದಿದ್ದೆವು. ಅದು ಹಿತ್ತಲಿನ ಮಾತಲ್ಲ, ಹೊಲದ ಮಾತು, ಇನ್ನೊಮ್ಮೆ ನೋಡೋಣ.

ಇನ್ನು ನೀರಿಡುವ ಕೆಲಸ. ಇದರಲ್ಲಿ ನಾವೇ ತಪ್ಪು ಮಾಡಿ ಕಲಿತಿದ್ದೇವೆ. ಮೊದಲ ವರ್ಷ ಉತ್ಸಾಹದಲ್ಲಿ ಆಳವಾದ ಪ್ಲಾಸ್ಟಿಕ್ ಟಬ್ ತುಂಬ ನೀರಿಟ್ಟೆವು. ಮೂರನೆಯ ದಿನ ಅದರಲ್ಲಿ ಒಂದು ಇಣಚಿಯ ಮರಿ ಮುಳುಗಿ ಸತ್ತಿತ್ತು. ಜಾರುವ ಗೋಡೆ ಹತ್ತಲು ಅದಕ್ಕಾಗಿರಲಿಲ್ಲ. ಸುತ್ತಲೂ ಸತ್ತ ಜೇನುಹುಳುಗಳು ತೇಲುತ್ತಿದ್ದವು. ಆಮೇಲೆ ಒಡೆದ ಹರವಿಯ ತಳ ತಂದು, ಎರಡು ಮೂರು ಬೆರಳಿನಷ್ಟೇ ನೀರು ಹಾಕಿ, ನೀರಿನಿಂದ ಮೇಲೆ ತಲೆ ಕಾಣುವಂತೆ ನಾಲ್ಕಾರು ಕಲ್ಲುಗಳನ್ನಿಟ್ಟೆವು. ಜೇನು ಕಲ್ಲಿನ ಮೇಲೆ ಕೂತು ಕುಡಿಯುತ್ತದೆ, ಹಕ್ಕಿ ಕಲ್ಲಿನ ಮೇಲೆ ನಿಂತು ಮೀಯುತ್ತದೆ. ಇಡುವ ಜಾಗ ನೆರಳಿನಲ್ಲಿರಬೇಕು, ಆದರೆ ಬೆಕ್ಕು ಅಡಗಿ ಕೂರಬಹುದಾದ ಪೊದೆಯಿಂದ ದೂರವಿರಬೇಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಒಳಭಾಗವನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಇದು ಹಕ್ಕಿಗಾಗಿ ಅಷ್ಟೇ ಅಲ್ಲ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ, ಪಾತ್ರೆಯ ಗೋಡೆಗೆ ಅಂಟುವಂತೆ ಮೊಟ್ಟೆ ಇಡುತ್ತದೆ; ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಮೇ ತಿಂಗಳಲ್ಲೇ ಮಳೆಯಾದ ವರ್ಷ ಸೊಳ್ಳೆಯ ಕಾಲವೂ ಬೇಗ ಬರುತ್ತದೆ. ಮಾಳಿಗೆಯ ಮೇಲಿನ ಹಳೆಯ ಟೈರು, ಒಡೆದ ಬಕೆಟ್ಟುಗಳನ್ನು ಜೂನ್ ವರೆಗೆ ಕಾಯದೆ ತೆಗೆಯಿರಿ. ಪಾತ್ರೆ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿರಿ.

ಕೊನೆಯದಾಗಿ ಹಾವು, ಚೇಳು. ಇವೂ ಹಿತ್ತಲಿನ ಜೀವಿಗಳೇ. ಬಿಸಿಲಿಗೆ ನೆಲ ಕಾದಾಗ ಅವು ತಂಪು ಹುಡುಕಿ ಬಚ್ಚಲು, ನೀರಿನ ಗಡಿಗೆಯ ಸುತ್ತ, ತೊಗರಿ ಕಟ್ಟಿಗೆಯ ರಾಶಿಯ ಅಡಿಗೆ ಬರುತ್ತವೆ. ಅಕಾಲ ಮಳೆಯಲ್ಲಿ ಬಿಲಕ್ಕೆ ನೀರು ನುಗ್ಗಿದಾಗಲೂ ಬರುತ್ತವೆ. ಕರೆಂಟು ಹೋದ ಸೆಕೆಯ ರಾತ್ರಿ ನಾವು ಅಂಗಳದಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಕಟ್ಟುಹಾವು (ತೆಲುಗಿನ ಕಟ್ಲಪಾಮು) ಓಡಾಡುವುದು ಅದೇ ಹೊತ್ತಿನಲ್ಲಿ. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಉಗುಳು ನುಂಗಲಾಗದಿರುವುದು ಕಂಡರೆ, ಅದರಲ್ಲೂ ನೆಲದ ಮೇಲೆ ಮಲಗಿದ್ದವರಲ್ಲಿ ಕಂಡರೆ, ಗ್ಯಾಸೆಂದು ಸೋಡಾ ಕುಡಿಸುತ್ತ ಕೂರಬೇಡಿ. ಅದು ಹಾವಿನ ಕಡಿತವೇ ಇರಬಹುದು. ಮಲಗುವುದಾದರೆ ಹೊರಸಿನ ಮೇಲೆ 
ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಳ್ಳಿ. ಪರದೆ ಸೊಳ್ಳೆಗೂ ಆಯಿತು, ಹಾವಿಗೂ ಆಯಿತು.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರ ವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆದವು, ಹೆಚ್ಚಿನವು ಹಳ್ಳಿಗಳಲ್ಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು ಇದೆ. ಆದ್ದರಿಂದ ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ಹಾಕಿಕೊಂಡು ಬರುವ ಅಗತ್ಯವಿಲ್ಲ. ಆ ಹುಡುಕಾಟದಲ್ಲಿ ಇನ್ನೊಬ್ಬರಿಗೆ ಕಡಿಸಿಕೊಂಡು ಹೊತ್ತು ಕಳೆಯುವುದಷ್ಟೇ ಲಾಭ. ಕಡಿದ ಜಾಗ ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಉಂಗುರ, ಬಳೆ, ಕಾಲುಗೆಜ್ಜೆ ತೆಗೆದು, ಕೈಯನ್ನೋ ಕಾಲನ್ನೋ ಅಲುಗಾಡದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಒಯ್ಯಬೇಕು. 108ಕ್ಕೆ ಫೋನು ಮಾಡುವಾಗಲೇ ಹಾವಿನ ಮದ್ದಿರುವ ಸರ್ಕಾರಿ ಆಸ್ಪತ್ರೆಗೆ ಎಂದು ಹೇಳಿಬಿಡಿ. ಮಂತ್ರ, ಬೇರಿನ ಔಷಧ ನಂಬಿ ಕಳೆದ ಒಂದು ತಾಸು ಮತ್ತೆ ಸಿಗುವುದಿಲ್ಲ.

ಕೆಂಪು ಚೇಳು ಮಕ್ಕಳಿಗೆ ಹಾವಿನಷ್ಟೇ ಕೆಟ್ಟದ್ದು. ಕಡಿಸಿಕೊಂಡ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ತಡಮಾಡಬಾರದು. ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ಸಾಮಾನ್ಯ ಗುಳಿಗೆಯಿಂದ ಇಂಥ ಎಷ್ಟೋ ಜೀವಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಳಿಗೆ ಕೊಡಬೇಕಾದವರು ವೈದ್ಯರು, ಮನೆಯವರಲ್ಲ. ಬೆಳಿಗ್ಗೆ ಚಪ್ಪಲಿ ಕೊಡವಿ ಮೆಟ್ಟುವುದು ಮಾತ್ರ ಮನೆಯವರ ಕೆಲಸ. ಕಟ್ಟಿಗೆ, ಕಣಕಿ, ಕಲ್ಲಿನ ರಾಶಿಯನ್ನು ಮನೆಗೋಡೆಯಿಂದ ಹತ್ತು ಹೆಜ್ಜೆ ದೂರ ಸರಿಸಿರಿ. ಗಿಡದ ಬುಡದ ತರಗೆಲೆ ಇರಲಿ ಎಂದೆವಲ್ಲ, ಅದನ್ನು ಬಾಗಿಲವರೆಗೆ ಹರಡಲು ಬಿಡಬೇಡಿ.

ಮುಗಿಸುವ ಮುನ್ನ ವಾಚಕರಿಂದ ಒಂದು ಸಹಾಯ ಬೇಕು. ಮೊದಲ ಒಳ್ಳೆಯ ಮಳೆಯಾದ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂತೆ ನೆಲದ ಮೇಲೆ ಹರಿದಾಡುವ ಪುಟ್ಟ ಜೀವಿಯನ್ನು ನೀವೆಲ್ಲ ಬಲ್ಲಿರಿ. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡವರೂ ಇದ್ದೀರಿ. ಕಚ್ಚುವುದಿಲ್ಲ, ಬೆಳೆ ತಿನ್ನುವುದಿಲ್ಲ. ಮಣ್ಣಿನಲ್ಲಿ ಕೀಟಗಳ ಮೊಟ್ಟೆ ತಿಂದು ಬದುಕುತ್ತದೆ. ಕನ್ನಡದವರಿಗೆ ಅದು ಮಿರಗದ ಹುಳ, ಅಂದರೆ ಜೂನ್ 8ರ ಸುಮಾರಿಗೆ ಹೂಡುವ ಮೃಗಶಿರಾ ಮಳೆಯದು. ತೆಲುಗಿನವರಿಗೆ ಆರುದ್ರ ಪುರುಗು, ಅಂದರೆ ಜೂನ್ 22ರ ಸುಮಾರಿನ ಆರಿದ್ರಾ ಮಳೆಯದು. ಒಂದೇ ಹುಳಕ್ಕೆ ಎರಡು ಭಾಷೆಯ ಜನ ಎರಡು ವಾರದ ಅಂತರದಲ್ಲಿ ಹೆಸರಿಟ್ಟಿದ್ದಾರೆ. ಈಗ ಅದು ಯಾವ ಮಳೆಗೆ ಬರುತ್ತಿದೆ? ನಿಮ್ಮ ಹಿತ್ತಲಿನಲ್ಲಿ ಮೊದಲು ಕಂಡ ತಾರೀಖು, ಊರಿನ ಹೆಸರು, ಅದಕ್ಕೆ ಎಷ್ಟು ದಿನ ಮೊದಲು ಮಳೆಯಾಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿರಿ. ಹೋದ ವರ್ಷದ್ದು ನೆನಪಿದ್ದರೆ ಅದನ್ನೂ ಸೇರಿಸಿರಿ. ಬಂದ ಚೀಟಿಗಳನ್ನು ಆಷಾಢದ ಹೊತ್ತಿಗೆ ಇದೇ ಅಂಕಣದಲ್ಲಿ ಊರುವಾರು ಅಚ್ಚು ಹಾಕುತ್ತೇವೆ.